ಬೋಳಾರದ ಹಂಚಿನ ಮನೆಯಲ್ಲಿ ನವರಾತ್ರಿ

ಅಷ್ಟಮಿ

ಬೆಂಗಳೂರಿನಿಂದ ಹೊರಟ ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟಿದ ಮೇಲೆ ಅಮ್ಮ ಮತ್ತೆ ಕಣ್ಣು ಮುಚ್ಚಲಿಲ್ಲ. ಪಾಣೆಮಂಗಳೂರು ಸೇತುವೆ ಬಂದಾಗ ಹೊರಗೆ ಇನ್ನೂ ಕತ್ತಲೆ. ಕೆಳಗೆ ನೇತ್ರಾವತಿ ಕಾಣುತ್ತಿರಲಿಲ್ಲ, ಆದರೂ ಅಮ್ಮ ಕಿಟಕಿಯ ಕಡೆ ತಿರುಗಿ ಕೈ ಮುಗಿದಳು. ಪಂಪ್‌ವೆಲ್‌ನಲ್ಲಿ ಇಳಿಯುವಾಗಲೇ ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಟೋಬರಿನಲ್ಲಿ ಕರಾವಳಿಗೆ ಬರುವವರು ಹತ್ತಿ ಬಟ್ಟೆಯನ್ನೇ ಜಾಸ್ತಿ ತನ್ನಿ. ಕೊಡೆಯನ್ನೂ ಬಿಡಬೇಡಿ, ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಮಳೆ ಬರಬಹುದು.

ಅಮ್ಮನ ಚೀಲದಲ್ಲಿ ಅರ್ಧಕ್ಕರ್ಧ ತಿಂಡಿ ಪೊಟ್ಟಣಗಳೇ. ಒಂದೊಂದರ ಮೇಲೂ ಪೆನ್ನಿನಲ್ಲಿ ಜಾಗದ ಹೆಸರು ಬರೆದಿದ್ದಳು: ಜೆಪ್ಪು, ಮುಳಿಹಿತ್ಲು, ಹೊಯಿಗೆ ಬಜಾರ್, ಬೆಂಗ್ರೆ. ಯಾರ ಹೆಸರೂ ಇರಲಿಲ್ಲ. ಆ ಮನೆಯಲ್ಲಿ ಈಗ ಯಾರಿದ್ದಾರೋ ಅವರಿಗೆ ಅಂತ ಅವಳ ಲೆಕ್ಕ.

ಮಾವ ಫೋನ್ ಮಾಡಿದ್ದರಿಂದ ನಾವು ಹೊರಟದ್ದು. ದೀಪಾವಳಿ ಕಳೆದ ಮೇಲೆ ಮಂಗಳೂರಿನ ಬೋಳಾರದ ಅಜ್ಜಿ ಮನೆಯ ಮಾಡು, ಅಂದರೆ ಛಾವಣಿ, ಇಳಿಸುತ್ತಾರಂತೆ. ಹಂಚು ತೆಗೆದು, ಗೋಡೆ ಕೆಡವಿ, ಅದೇ ಜಾಗದಲ್ಲಿ ಟೆರೇಸ್ ಮನೆ. 'ಈ ಸಲದ ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಬನ್ನಿ. ಆಮೇಲೆ ಈ ಚಾವಡಿ ಇರುವುದಿಲ್ಲ' ಅಂದಿದ್ದರು. ನಮ್ಮದು ಅಳಿಯಕಟ್ಟು. ನಂಟು ಎಣಿಸುವುದು ಅಮ್ಮನ ಕಡೆಯಿಂದ. ಹಾಗಾಗಿ ಅಜ್ಜಿ ಮನೆ ನಮಗೆ ರಜೆಯಲ್ಲಿ ಹೋಗುವ ಮನೆಯೂ ಹೌದು, ಕುಟುಂಬದ ಮನೆಯೂ ಹೌದು. ಮುಂಬೈಯಲ್ಲಿರುವವರು, ದುಬೈಯಲ್ಲಿರುವವರು, ಎಲ್ಲರಿಗೂ ಗಂಟು ಬಿದ್ದಿರುವುದು ಈ ಒಂದು ಚಾವಡಿಗೆ.

ಮನೆಗೆ ಹೋಗುವ ಮುಂಚೆ ಮಾರ್ನಮಿಕಟ್ಟೆಯ ಹತ್ತಿರ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಬನ್ಸ್ ಆಗಷ್ಟೇ ಬಾಣಲೆಯಿಂದ ಎದ್ದಿತ್ತು. ಬಾಳೆಹಣ್ಣಿನ ವಾಸನೆ, ಜೀರಿಗೆ, ಹೊರಗೆ ಕಂದು, ಒಳಗೆ ಟೊಳ್ಳು. ಬಿಸಿ ಇರುವಾಗ ಹರಿದು ಕಾಯಿ ಚಟ್ನಿಗೆ ಅದ್ದಿ ತಿನ್ನಬೇಕು. ಒಂಬತ್ತು ಗಂಟೆಗೆ ಹೋದರೆ ತಣ್ಣಗಾಗಿ ರಬ್ಬರಿನ ಹಾಗಿರುತ್ತದೆ, ಬೇಗ ಹೋಗಿ. ನಮ್ಮ ಎದುರಿನ ಬೆಂಚಿನಲ್ಲಿ ಕೂತ ರಿಕ್ಷಾದವರು ಅಮ್ಮನ ಮುಖ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟರು. 'ಬೋಳಾರದವರಲ್ವಾ ನೀವು? ಹಂಚಿನ ಫ್ಯಾಕ್ಟರಿ ಮೇಸ್ತ್ರಿಯ ಮಗಳು?' ಅಜ್ಜ ತೀರಿಹೋಗಿ ಎಷ್ಟೋ ಕಾಲವಾಯಿತು. ಅಮ್ಮನ ಕಣ್ಣು ತುಂಬಿತು. ಆ ಪುಣ್ಯಾತ್ಮರು ಬಾಡಿಗೆ ತೆಗೆದುಕೊಳ್ಳದೆ ಮನೆ ಬಾಗಿಲಿಗೆ ಬಿಟ್ಟರು. ಸಂಜೆ ಆದರೆ ಮಂಗಳಾದೇವಿ ರಸ್ತೆಗೆ ರಿಕ್ಷಾ ಬಿಡುವುದಿಲ್ಲ, ಎಲ್ಲಿ ಹೋಗುವುದಿದ್ದರೂ ನಾಲ್ಕು ಗಂಟೆಯೊಳಗೆ ಮುಗಿಸಿ ಅಂತ ಎಚ್ಚರಿಕೆಯನ್ನೂ ಕೊಟ್ಟರು. ಮಂಗಳಾದೇವಿ ದೇವಸ್ಥಾನದ ನವರಾತ್ರಿ ಜಾತ್ರೆಯ ದಿನಗಳಲ್ಲಿ ಇದು ನಿಜ. ಹಂಪನಕಟ್ಟೆ ಕಡೆಯಿಂದ ಬರುವವರು ಬಸ್ಸಿಳಿದು ನಡೆಯಲು ತಯಾರಾಗಿಯೇ ಬರಬೇಕು.

ಮನೆ ಹಾಗೆಯೇ ಇತ್ತು. ಮುರಕಲ್ಲಿನ ಗೋಡೆ, ಕೆಂಪು ಕಾವಿಯ ನೆಲ, ಚಾವಡಿಯ ಎರಡು ಮರದ ಕಂಬ. ನಾನು ಮೊದಲು ನೋಡಿದ್ದು ಮಾಡಿನ ಗಾಜಿನ ಹಂಚನ್ನು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಚಾವಡಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಬೆಳಗ್ಗೆ ಆ ಗಾಜಿನ ಹಂಚಿನಿಂದ ಒಂದು ತುಂಡು ಬಿಸಿಲು ಪಡುವಣ ಗೋಡೆಯ ಮೇಲೆ ಬೀಳುತ್ತಿತ್ತು. ಆಮೇಲೆ ಮೆಲ್ಲ ನೆಲಕ್ಕಿಳಿದು ಚಾವಡಿಯ ಉದ್ದಕ್ಕೂ ಸರಿಯುತ್ತಿತ್ತು. ಅದು ಮೂಲೆಯ ಕಡೆಯುವ ಕಲ್ಲನ್ನು ಮುಟ್ಟಿದರೆ ಅಜ್ಜಿ ಅಕ್ಕಿ ತೊಳೆಯಲು ಏಳುತ್ತಿದ್ದಳು. ಆ ಮನೆಗೆ ಗಡಿಯಾರ ಬಂದದ್ದು ಎಷ್ಟೋ ತಡವಾಗಿ. ಬಿಸಿಲಿನ ತುಂಡು, ಕಾರ್ಖಾನೆಯ ಸೈರನ್, ಇವೆರಡರಲ್ಲೇ ದಿನ ನಡೆಯುತ್ತಿತ್ತು.

ಮಾಡು ಇಳಿಸಬೇಡಿ ಅಂತ ಹೇಳುವ ಆಸೆ ನನಗೆ ಬಹಳ ಇತ್ತು. ಮಾವ ಏಣಿ ಇಟ್ಟು ನನ್ನನ್ನು ಮೇಲೆ ಹತ್ತಿಸಿದರು. ಪಕ್ಕಾಸಿಗೆ ಬೆರಳು ಒತ್ತಿದರೆ ಹುಡಿ ಉದುರಿತು, ಒಳಗೆಲ್ಲ ಗೆದ್ದಲು. ಪ್ರತಿ ವರ್ಷ ಮಳೆಗಾಲದ ಮುಂಚೆ ಹಂಚು ಕೈಯಾಡಿಸಬೇಕು. ಒಡೆದದ್ದು ತೆಗೆಯಬೇಕು, ಪಾಚಿ ಕೆರೆಯಬೇಕು, ಜಾರಿದ್ದನ್ನು ಮೇಲೆ ಎಳೆಯಬೇಕು. ಅದನ್ನು ಬಲ್ಲವರು ಈಗ ಸಿಗುವುದೇ ಕಷ್ಟ. ಮಾವನಿಗೆ ಎಪ್ಪತ್ತು ದಾಟಿದೆ. ಮಳೆ ಬಂದ ರಾತ್ರಿ ಅತ್ತೆ ಪಾತ್ರೆ ಹಿಡಿದುಕೊಂಡು ಸೋರುವ ಕಡೆಗೆಲ್ಲ ಓಡಾಡುತ್ತಾರೆ. ಇದನ್ನೆಲ್ಲ ನೋಡಿದ ಮೇಲೆ ನಾನು ಏನು ಹೇಳಲಿ?

ಮಾವ ಒಂದು ಹಂಚು ಎತ್ತಿ ನನ್ನ ಮಗಳ ಕೈಗೆ ಕೊಟ್ಟರು. ಮೇಲ್ಭಾಗ ಪಾಚಿ ಹಿಡಿದು ಕಪ್ಪು. ತಿರುಗಿಸಿದರೆ ಅಡಿಯಲ್ಲಿ ಇನ್ನೂ ಹೊಸ ಇಟ್ಟಿಗೆಯ ಕೆಂಪು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು ಅಂತ ಉಬ್ಬಿದ ಅಕ್ಷರ. ಹಿಂದೆ ರೀಪಿಗೆ ಕೂರಲು ಎರಡು ಸಣ್ಣ ಕೊಕ್ಕೆ. ಅವಳು 'ಅಬ್ಬಾ, 1865ರ ಹಂಚಾ!' ಅಂದಳು. ತುಂಬಾ ಜನ ಹಾಗೆಯೇ ಅಂದುಕೊಳ್ಳುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಜಾರ್ಜ್ ಪ್ಲೆಬ್‌ಸ್ಟ್ ಅನ್ನುವ ಮಿಷನರಿ ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷೆ ಮಾಡಿ ಜೆಪ್ಪುವಿನಲ್ಲಿ ಹಂಚಿನ ಕೆಲಸ ಶುರು ಮಾಡಿದ. ಮಣ್ಣು ಅರೆಯಲು ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು, ಅಲ್ಲಿಂದ ಆರಂಭ. ಆಮೇಲೆ ಊರಿನವರೂ ಒಬ್ಬೊಬ್ಬರಾಗಿ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದರು. ಮಾವ ಇದನ್ನೆಲ್ಲ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಹಂಚನ್ನು ಎರಡು ಬೆರಳಲ್ಲಿ ತೂಗಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಅಂತು. ಇನ್ನೊಂದನ್ನು ತಟ್ಟಿದರು, ಬರೀ ದಬ್. 'ಇದು ಬಿರುಕು ಬಿಟ್ಟಿದೆ. ಕಣ್ಣಿಗೆ ಕಾಣುವುದಿಲ್ಲ. ನಿಮ್ಮಜ್ಜ ಹಂಚು ಸುಡುವ ಗೂಡಿನ ಬಾಗಿಲಲ್ಲಿ ನಿಂತು ಇಡೀ ದಿನ ಇದನ್ನೇ ಕೇಳುತ್ತಿದ್ದದ್ದು.'

ನವಮಿ

ಬೆಳಗ್ಗೆ ಐದಕ್ಕೇ ಅತ್ತೆ ಎಬ್ಬಿಸಿದರು. ಗದ್ದೆ ಇರುವ ನೆಂಟರು ಕಿನ್ನಿಗೋಳಿಯಿಂದ ತೆನೆ ತಂದಿದ್ದರು. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಸೇರಿಸಿ ತೆನೆಯನ್ನು ಸಣ್ಣ ಸಣ್ಣ ಕಟ್ಟು ಮಾಡಿ ಚಾವಡಿಯ ಕಂಬಕ್ಕೆ, ಬಾಗಿಲಿಗೆ, ಅಕ್ಕಿಯ ಡಬ್ಬಿಗೆ, ಬಾವಿಕಟ್ಟೆಗೆ ಕಟ್ಟಿದೆವು. ಸೈಕಲ್ಲಿಗೂ ಒಂದು. ಮುಂಬೈಯ ಅಣ್ಣ ಬಂದವನೇ ಬ್ಯಾಗ್ ಕೆಳಗಿಡದೆ ಕಂಬಕ್ಕೆ ಒರಗಿ ನಿಂತ. ಆ ಕಂಬದಲ್ಲಿ ನಮ್ಮೆಲ್ಲರ ಎತ್ತರದ ಗೀಟುಗಳಿವೆ. ಚಾಕುವಿನಲ್ಲಿ ಕೆತ್ತಿದ್ದಕ್ಕೆ ಅಜ್ಜಿಯಿಂದ ಬೈಗುಳ ತಿಂದವನೂ ಅವನೇ.

ಊಟಕ್ಕೆ ಎಲ್ಲರೂ ಬಂದರು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ದೊಡ್ಡವರೂ ಬಂದರು. ಬೇರೆ ಬೇರೆ ಮೂಲೆಯಲ್ಲಿ ಕೂತರು. ಬಡಿಸುವ ಅತ್ತೆ ಎಲೆ ಹಾಕುವಾಗ ಇಬ್ಬರಿಗೂ ಅಕ್ಕಪಕ್ಕದಲ್ಲೇ ಹಾಕಿದರು. ಏನೂ ಹೇಳಲಿಲ್ಲ. ಹಿರಿಯರು ಹೊಸ ಅಕ್ಕಿಯ ಅನ್ನ ಬಾಯಿಗಿಡುವ ಮುಂಚೆ ಕಿರಿಯರು ಅವರ ಕಾಲು ಹಿಡಿದು 'ಹೊಸತು ಉಣ್ಣುತ್ತೇವೆ' ಅಂತ ಅಪ್ಪಣೆ ಕೇಳುವುದು ನಮ್ಮಲ್ಲಿ ಪದ್ಧತಿ. ಆ ಇಬ್ಬರಲ್ಲಿ ಚಿಕ್ಕವರು ದೊಡ್ಡವರ ಕಾಲು ಮುಟ್ಟಿದರು. ದೊಡ್ಡವರು 'ಉಣ್ಣು ಮಾರಾಯ' ಅಂದರು. ಅಷ್ಟೇ ಮಾತು. ಆದರೆ ಸೌತೆಕಾಯಿ ಕೊದ್ದೆಲಿಗೆ ಉಪ್ಪು ಸಾಲದು ಅಂತ ಆಮೇಲೆ ಇಬ್ಬರೂ ಒಟ್ಟಿಗೆ ಹೇಳಿದರು. ಕಡಲೆ ಬಸಳೆ, ಹರಿವೆ ಪಲ್ಯ, ತಿಮರೆ ಚಟ್ನಿ, ಹೆಸರುಬೇಳೆ ಪಾಯಸ. ಹೊಸ ಅಕ್ಕಿಯ ಅನ್ನ ಸ್ವಲ್ಪ ಅಂಟಂಟು, ಸಿಹಿ ವಾಸನೆ. ನಾನು ಪಾಯಸಕ್ಕಿಂತ ಅದನ್ನೇ ಜಾಸ್ತಿ ತಿಂದೆ.

ಕೈ ತೊಳೆಯುವಾಗಲೇ ಮಳೆ. ಅಂಥಿಂಥ ಮಳೆ ಅಲ್ಲ. ಕರೆಂಟು ಹೋಯಿತು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಮಕ್ಕಳು ಪಾತ್ರೆ ಇಡಲು ಓಡಿದರು. ದೊಡ್ಡವರು ಸುಮ್ನೆ ಕೂತು ಮೇಲೆ ನೋಡಿದರು.

ಮಳೆ ನಿಂತ ಮೇಲೆ ಅಮ್ಮ ನನ್ನನ್ನೂ ಮಗಳನ್ನೂ ಹೊರಡಿಸಿ ಮುಳಿಹಿತ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಜೊತೆ ಬೀಡಿ ಕಟ್ಟುತ್ತಿದ್ದ ಗೆಳತಿ ಇದ್ದಾರೆ. ಈ ಕೇರಿಯ ಗಂಡಸರು ಹಂಚಿನ ಕಾರ್ಖಾನೆಗೆ, ಇಲ್ಲವೇ ಬಂದರಿಗೆ. ಹೆಂಗಸರಲ್ಲಿ ಕೆಲವರು ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದರು, ಉಳಿದವರದ್ದು ಮನೆಯಲ್ಲಿ ಬೀಡಿ. ದಕ್ಷಿಣ ಕನ್ನಡದಲ್ಲಿ ಎಷ್ಟು ಮಕ್ಕಳ ಶಾಲೆ ಫೀಸು ಈ ಬೀಡಿಯಿಂದ ಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ನಮ್ಮಮ್ಮ ಮೆಟ್ರಿಕ್ ಮುಗಿಸಿದ್ದು ಅವಳ ಅಕ್ಕಂದಿರ ಬೀಡಿಯಿಂದ.

ಗೆಳತಿಯ ಮಡಿಲಲ್ಲಿ ಆಗಲೂ ಗೆರಸೆ ಇತ್ತು. ಅಮ್ಮ ಪೊಟ್ಟಣ ಕೊಟ್ಟು ಪಕ್ಕದಲ್ಲಿ ಕೂತಳು, ಏನೂ ಕೇಳದೆ ಒಂದು ಎಲೆ ಕೈಗೆ ತೆಗೆದುಕೊಂಡಳು. ರಾತ್ರಿ ನೆನೆಸಿ ಮೆತ್ತಗಾದ ಎಲೆ. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಿದಳು. ಚಿಟಿಕೆ ಹುಡಿ ಹಾಕಿ ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿದಳು. ತುದಿಯನ್ನು ಉಗುರಿನಲ್ಲಿ ಒಳಗೆ ಮಡಚಿ, ನೂಲು ಸುತ್ತಿ, ಹಲ್ಲಿನಲ್ಲಿ ಕಡಿದಳು. ನನಗೆ ಐವತ್ತರ ಹತ್ತಿರ ಬಂದಿದೆ, ಅಮ್ಮ ಬೀಡಿ ಕಟ್ಟುವುದನ್ನು ನಾನು ನೋಡಿದ್ದು ಅದೇ ಮೊದಲು. ಗೆಳತಿ ಅದನ್ನು ಹಿಡಿದು ನೋಡಿ, 'ಸಡಿಲ ಆಯ್ತು, ಬೀಡಿ ಬ್ರಾಂಚಿನಲ್ಲಿ ಬದಿಗೆ ಹಾಕ್ತಾರೆ' ಅಂತ ನಕ್ಕರು. ಅಮ್ಮ ಇನ್ನೊಂದು ಕಟ್ಟಿದಳು. ಅದು ಪಾಸಾಯಿತು. ಮತ್ತೆ ಇಬ್ಬರೂ ಯಾವ ಬ್ರಾಂಚಿನಲ್ಲಿ ಎಲೆ ಕಡಿಮೆ ಕೊಡುತ್ತಿದ್ದರು, ಯಾರ ಮದುವೆಗೆ ಯಾರ ಬಳೆ ಎರವಲು ತಂದದ್ದು ಅಂತ ಶುರು ಮಾಡಿದರು. ಮಗಳು ಫೋನ್ ಬ್ಯಾಗಿಗೆ ಹಾಕಿ ಕೂತಳು. ಅವಳಿಗೆ ಆ ಮಾತು ಅರ್ಧ ಅರ್ಥವಾಗುತ್ತದೆ, ಉಳಿದ ಅರ್ಧವನ್ನು ದಾರಿಯಲ್ಲಿ ಕೇಳಿ ಕೇಳಿ ತಿಳಿದುಕೊಂಡಳು.

ರಾತ್ರಿ ಮಂಗಳಾದೇವಿಯ ಜಾತ್ರೆ. ಮಲಬಾರಿನ ರಾಜಕುಮಾರಿ ಮತ್ಸ್ಯೇಂದ್ರನಾಥರ ಹಿಂದೆ ಬಂದಳು, ಬೋಳಾರದಲ್ಲಿ ಕಾಯಿಲೆಯಾಗಿ ಇಲ್ಲೇ ಉಳಿದಳು, ಉಳಿದವರು ಕದ್ರಿಗೆ ಹೋದರು ಅಂತ ಅಜ್ಜಿ ಕಥೆ ಹೇಳುತ್ತಿದ್ದಳು. ನಾಲ್ಕು ಮನೆ ಆಚೆಯ ಹೆಣ್ಣಿನ ಕಥೆ ಹೇಳುವ ಹಾಗೆ ಹೇಳುತ್ತಿದ್ದಳು. ರಥೋತ್ಸವದ ದಿನ ರಥ ದೇವಸ್ಥಾನದಿಂದ ಮಾರ್ನಮಿಕಟ್ಟೆಗೆ ಹೋಗಿ ಬರುತ್ತದೆ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನದ ಮಳೆಯ ಕೆಸರು ಬೇರೆ. ಜನರ ನಡುವೆ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು, ಒಂದು ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಳೆ ಅಂಗಡಿಯ ಹೆಂಗಸು ತನ್ನ ಹವಾಯಿ ಚಪ್ಪಲಿ ಬಿಚ್ಚಿ ನನ್ನ ಕಡೆ ತಳ್ಳಿದರು. 'ನಾನು ಕೂತೇ ಇರುವುದು, ನೀವು ಬೆಳಗ್ಗೆ ತಂದು ಕೊಡಿ.' ಜಾತ್ರೆಗೆ ಬರುವವರು ಒಳ್ಳೆಯ ಚಪ್ಪಲಿ ಮನೆಯಲ್ಲೇ ಬಿಟ್ಟು ಬನ್ನಿ.

ಆಮೇಲೆ ತಾಸೆಯ ಸದ್ದು. ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಹುಲಿ ವೇಷದ ಹುಲಿಗಳು ಬಂದವು. ಹಳದಿ ಪಟ್ಟೆ, ಕಪ್ಪು ಪಟ್ಟೆ, ನಡುವೆ ಎರಡು ಮರಿ ಹುಲಿ. ಒಂದು ಹುಲಿ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಿತು. ಬೈಹುಲ್ಲಿನ ಹಗ್ಗದಲ್ಲಿ ಬಿಗಿದ ಮುಡಿ ದೊಪ್ಪಂತ ಬಿದ್ದ ಕೂಡಲೇ ಇಡೀ ರಸ್ತೆ ಕೂಗಿತು. ನಮ್ಮ ಚಿಕ್ಕ ಮಾವ ಒಂದು ಕಾಲದಲ್ಲಿ ಹುಲಿ ಹಾಕಿದವರು. ಆಗಿನ ಎಣ್ಣೆ ಬಣ್ಣ ಹಚ್ಚಿದರೆ ಮೈ ಉರಿದು ರಾತ್ರಿ ಮಲಗಲು ಆಗುತ್ತಿರಲಿಲ್ಲ, ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆಯಬೇಕಿತ್ತು. ಅವರು ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಮೊಣಕಾಲು ನೋವು ಅಂತ ಬೆಳಗ್ಗೆಯಿಂದ ಹೇಳುತ್ತಿದ್ದವರು.

ವಿಜಯದಶಮಿ

ಬಳೆಯವರ ಚಪ್ಪಲಿ ವಾಪಸ್ ಕೊಟ್ಟು, ಅವರ ಹತ್ತಿರವೇ ಹಸಿರು ಗಾಜಿನ ಬಳೆ ತೆಗೆದುಕೊಂಡು ಹೊಯಿಗೆ ಬಜಾರಿನ ಕಡೆ ನಡೆದೆವು. ನದಿ ದಂಡೆಗೆ ಹೋಗುವ ಆ ದಾರಿ ಸಣ್ಣದು, ಎರಡು ಬದಿಯಲ್ಲೂ ಹಳೆಯ ಗೋದಾಮು. ಅಜ್ಜ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಉಳಿದಿರುವುದು ಒಂದು ಗೋಡೆ, ಅದರ ಆಚೆ ಹೊಗೆ ಕೊಳವೆಯ ಬುಡ. ಗೇಟಿನ ಕಾವಲುಗಾರರು ಉತ್ತರ ಕರ್ನಾಟಕದವರು, ಗದಗದ ಕಡೆ. ಅಮ್ಮ ತನ್ನ ಅಪ್ಪ ಇಲ್ಲಿ ಮೇಸ್ತ್ರಿಯಾಗಿದ್ದರು ಅಂದಾಗ, 'ಹಂಗಾದ್ರ ಒಳಗ ಬರ್ರಿ ತಾಯಿ, ನಿಮ್ದ ಜಾಗ ಇದು' ಅಂತ ಗೇಟು ತೆಗೆದರು.

ಒಳಗೆ ಹುಲ್ಲು ಸೊಂಟದವರೆಗೆ. ಅಮ್ಮ ನಡೆಯುತ್ತಾ ತೋರಿಸಿದಳು. ಇಲ್ಲಿ ದೋಣಿಯಿಂದ ಮಣ್ಣು ಇಳಿಸುತ್ತಿದ್ದರು. ಇಲ್ಲಿ ನೆನೆಸಿ ಹದ ಮಾಡಿ ಯಂತ್ರಕ್ಕೆ ಹಾಕುವುದು. ಇಲ್ಲಿ ಪ್ರೆಸ್ಸು. ಇಲ್ಲಿ ಮರದ ಅಟ್ಟಣಿಗೆಗಳ ಮೇಲೆ ನೆರಳಲ್ಲಿ ಒಣಗಿಸುವುದು, ಬಿಸಿಲಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಇಲ್ಲಿ ಗೂಡು. ಅಪ್ಪನಿಗೆ ಬುತ್ತಿ ತಂದಾಗ ಅವಳು ನಿಲ್ಲುತ್ತಿದ್ದ ಜಾಗವನ್ನೂ ತೋರಿಸಿದಳು. ನಾನು ನೋಡಿದರೆ ಬರೀ ಹುಲ್ಲು ಮತ್ತು ಒಡೆದ ಹಂಚಿನ ರಾಶಿ. ಅವಳಿಗೆ ಎಲ್ಲವೂ ಕಾಣುತ್ತಿತ್ತು. ಈ ನಕ್ಷೆ ಈಗ ಎಷ್ಟು ಜನರ ತಲೆಯಲ್ಲಿ ಉಳಿದಿದೆ? ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, ಅವರ ಕಾಲಲ್ಲಿ ಶಕ್ತಿ ಇರುವಾಗ ಕರೆದುಕೊಂಡು ಹೋಗಿ. ಮನೆಯಲ್ಲಿ ಕೂತು ಕೇಳಿದರೆ ಇದರ ಕಾಲು ಭಾಗವೂ ಬರುವುದಿಲ್ಲ. ಆ ಜಾಗದಲ್ಲಿ ಕಾಲಿಟ್ಟಾಗ ನೆನಪು ತಾನಾಗಿ ಬರುತ್ತದೆ. ಮಗಳು ಪುಸ್ತಕದಲ್ಲಿ ಚಿತ್ರ ಬರೆದುಕೊಂಡಳು, ಅಮ್ಮ ಅದನ್ನು ಎರಡು ಕಡೆ ತಿದ್ದಿಸಿದಳು.

ಇಲ್ಲಿ ಸುಟ್ಟ ಹಂಚು ಹಾಯಿ ಹಡಗು ಹತ್ತಿ ಮುಂಬೈಗೆ, ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ ಹೋಗಿದೆ. ಅದರ ಹಿಂದೆಯೇ ಕೇರಿಯ ಗಂಡಸರೂ ಊರು ಬಿಟ್ಟರು. ಈಗ ಕಾಂಕ್ರೀಟು ಬಂದು, ಮಣ್ಣು ಸಿಗುವುದು ಕಷ್ಟವಾಗಿ, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ.

ನವರಾತ್ರಿಯ ಸಸ್ಯಾಹಾರ ಮುಗಿದಿತ್ತು. ಮಧ್ಯಾಹ್ನಕ್ಕೆ ಬೂತಾಯಿ ಮೀನಿನ ಪುಳಿಮುಂಚಿ, ಜೊತೆಗೆ ಕುಚ್ಚಲಕ್ಕಿ ಗಂಜಿ. ಸಂಜೆ ಮಕ್ಕಳು ಕುದ್ರೋಳಿಯ ದಸರಾ ಮೆರವಣಿಗೆ ನೋಡಲು ಹೋದರು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನ ಅದು, ಮೆರವಣಿಗೆ ರಾತ್ರಿಯಿಡೀ ನಡೆಯುತ್ತದೆ. ನಾನು ಹೋಗಲಿಲ್ಲ. ಪಕ್ಕದ ಮನೆಯ ಕ್ರಿಸ್ತುವರ ಬಾಯಮ್ಮ ಬಂದಿದ್ದರು. ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಬರುತ್ತಿತ್ತು, ದೀಪಾವಳಿಗೆ ನಮ್ಮಲ್ಲಿಂದ ಅದೇ ತಟ್ಟೆಯಲ್ಲಿ ಅವಲಕ್ಕಿ ಹೋಗುತ್ತಿತ್ತು. ಖಾಲಿ ತಟ್ಟೆ ಯಾವತ್ತೂ ಹಿಂದೆ ಹೋಗಿದ್ದಿಲ್ಲ. ಹೊಸ ಮನೆಗೆ ಕಾಂಪೌಂಡು ಕಟ್ಟುವಾಗ ನಡುವಿನ ಸಣ್ಣ ಗೇಟು ಬಿಡಬೇಕು ಅಂತ ಹೇಳಲು ಅವರು ಬಂದದ್ದು. ಮಾವ ಇಂಜಿನಿಯರಿನ ನೀಲಿ ಪ್ಲಾನು ಬಿಡಿಸಿ, ಅಲ್ಲೇ ಪೆನ್ಸಿಲಿನಲ್ಲಿ ಗೇಟಿನ ಗುರುತು ಹಾಕಿದರು.

ಮರುದಿನ

ಉಳಿದದ್ದು ಬೆಂಗ್ರೆಯ ಪೊಟ್ಟಣ. ಬಂದರಿನ ಧಕ್ಕೆಯಿಂದ ಫೆರಿ ಹತ್ತಿದರೆ ಫಲ್ಗುಣಿ ದಾಟಿ ಸ್ವಲ್ಪ ಹೊತ್ತಿಗೆ ಬೆಂಗ್ರೆ. ಒಂದು ಬದಿ ನದಿ, ಇನ್ನೊಂದು ಬದಿ ಸಮುದ್ರ. ಚಿಲ್ಲರೆ ಇಟ್ಟುಕೊಂಡು ಹೋಗಿ. ಬೆಳಗ್ಗೆ ಬೇಗ ಹೋದರೆ ಧಕ್ಕೆಯಲ್ಲಿ ಮೀನು ಇಳಿಸುವುದೂ ಕಾಣುತ್ತದೆ. ನಾವು ಹೋದಾಗ ಬಂಗುಡೆಯ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ದೋಣಿ ಹತ್ತಬೇಕಾಯಿತು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು.

ಬೆಂಗ್ರೆಯಲ್ಲಿ ಇರುವುದು ಅಜ್ಜಿಯ ತಂಗಿಯ ಮಗಳು. ಅಮ್ಮನಿಗಿಂತ ದೊಡ್ಡವರು, ಕಾಲು ಊದಿಕೊಂಡು ಊಟಕ್ಕೆ ಬರಲು ಆಗಿರಲಿಲ್ಲ. ಅಮ್ಮ ಹೊಸ ಅಕ್ಕಿಯ ಅನ್ನ ಸ್ವಲ್ಪ, ಒಂದು ಕಟ್ಟು ತೆನೆ ತಂದಿದ್ದಳು. ದೊಡ್ಡಮ್ಮ ತೆನೆಯಿಂದ ಒಂದು ಕಾಳು ಸುಲಿದು ಬಾಯಿಗೆ ಹಾಕಿಕೊಂಡರು. 'ಮಾಡು ಇಳಿಸ್ತಾರಂತೆ, ಹೌದಾ?' ಅಂತ ಕೇಳಿದರು. ಅಮ್ಮ ಹೌದು ಅಂದಳು. 'ಇಳಿಸಲಿ. ನಾನು ಹುಟ್ಟಿದಾಗ ಅದು ಮುಳಿಹುಲ್ಲಿನ ಮನೆ. ಹಂಚು ಹಾಕುವಾಗ ನಮ್ಮಜ್ಜಿ ಅತ್ತಿದ್ದರು.' ಇದು ಅಮ್ಮನಿಗೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ದೋಣಿಯಲ್ಲಿ ಅವಳು ಎಷ್ಟೋ ಹೊತ್ತು ಅದನ್ನೇ ಮಾತಾಡಿದಳು.

ಬಸ್ಸು ಹತ್ತುವ ಮುಂಚೆ ಚಾವಡಿಯಲ್ಲಿ ಎಲ್ಲರೂ ಕೂತು ಲೆಕ್ಕ ಮಾಡಿದೆವು. ಒಳ್ಳೆಯ ಹಂಚನ್ನು ಬಾವಿಯ ಮಾಡಿಗೂ ಹಿಂದಿನ ಬಚ್ಚಲಿಗೂ ಇಟ್ಟುಕೊಂಡು, ಉಳಿದದ್ದನ್ನು ಹಳೆ ಹಂಚು ಕೊಳ್ಳುವವರಿಗೆ ಕೊಡುವುದು. ಗೀಟು ಹಾಕಿದ ಕಂಬ ಹೊಸ ಮನೆಯ ಮೆಟ್ಟಿಲ ಹತ್ತಿರ ನಿಲ್ಲುತ್ತದೆ, ಅದಕ್ಕೆ ಮುಂಬೈಯ ಅಣ್ಣ ದುಡ್ಡು ಕೊಡುತ್ತಾನೆ. ಮನೆ ಏಳಲು ವರ್ಷ ಬೇಕು. ಹಾಗಾಗಿ ಮುಂದಿನ ನವರಾತ್ರಿಯ ಹೊಸ ಅಕ್ಕಿ ಊಟ ಜೆಪ್ಪುವಿನ ಚಿಕ್ಕಮ್ಮನ ಫ್ಲ್ಯಾಟಿನಲ್ಲಿ. ಎರಡು ರೂಮು, ಮೂರನೇ ಮಹಡಿ. ಎರಡು ಪಂಕ್ತಿಯಲ್ಲಿ ಬಡಿಸೋಣ, ತೆನೆಯನ್ನು ಬಾಲ್ಕನಿಯ ಸರಳಿಗೆ ಕಟ್ಟೋಣ, ಕಾರು ನಿಲ್ಲಿಸಲು ಜಾಗ ಇಲ್ಲ, ಎಲ್ಲರೂ ಬಸ್ಸಲ್ಲೇ ಬನ್ನಿ ಅಂತ ಚಿಕ್ಕಮ್ಮ ಹೇಳಿದ್ದಾಳೆ. ಬೆಂಗ್ರೆಯ ದೊಡ್ಡಮ್ಮನನ್ನು ಕರೆತರುವ ಕೆಲಸ ನನ್ನ ಮಗಳದ್ದು. ಅವಳೇ ಕೇಳಿ ತೆಗೆದುಕೊಂಡಳು.